ಬಾದಾಮಿಯ ಕಂಬದ ಮೇಲಿನ ಜೋಡಿಗಳು

ಬಾದಾಮಿಯ ಮೂರನೆಯ ಗುಹೆಗೆ ಬಂದವರ ಕಣ್ಣು ಮೊದಲು ಹೋಗುವುದು ಶೇಷನ ಸುರುಳಿಯ ಮೇಲೆ ಕುಳಿತ ವಿಷ್ಣು, ವರಾಹ, ತ್ರಿವಿಕ್ರಮ ಮುಂತಾದ ಆಳೆತ್ತರದ ಮೂರ್ತಿಗಳ ಕಡೆಗೆ. ಅವುಗಳನ್ನು ನೋಡಿ ಮುಂದಿನ ಜೈನ ಗುಹೆಗೆ ಹೊರಟುಬಿಡುವವರೇ ಹೆಚ್ಚು. ಆದರೆ ಪಡಸಾಲೆಯಲ್ಲಿ ನಿಂತು ಕತ್ತೆತ್ತಿದರೆ ಬೇರೊಂದು ಲೋಕವೇ ಇದೆ. ಕಂಬಗಳ ನೆತ್ತಿಯಲ್ಲಿ, ಮರದ ಕೊಂಬೆಗಳ ನೆರಳಲ್ಲಿ, ಗಂಡು-ಹೆಣ್ಣುಗಳ ಜೋಡಿಗಳು ನಿಂತಿವೆ. ಒಬ್ಬಳು ಸಂಗಾತಿಯ ಹೆಗಲಿಗೆ ಒರಗಿದ್ದಾಳೆ. ಇನ್ನೊಬ್ಬಳ ಸೊಂಟವನ್ನು ಅವನು ಬಳಸಿ ಹಿಡಿದಿದ್ದಾನೆ. ಅವಸರವೆಂಬುದು ಯಾರಿಗೂ ಇಲ್ಲ.

ಕಂಬಕ್ಕೂ ತೊಲೆಗೂ ನಡುವೆ ಓರೆಯಾಗಿ ನಿಲ್ಲಿಸುವ ಇಂಥ ಆಸರೆಯನ್ನು 'ಮದನಕೈ' ಎನ್ನುತ್ತಾರೆ. ಮರದ ಕಟ್ಟಡದಲ್ಲಿ ಅದು ಭಾರ ಹೊರುವ ಅಂಗ. ಬಾದಾಮಿಯಲ್ಲಿ ಕಂಬ, ತೊಲೆ, ಚಾವಣಿ ಎಲ್ಲವೂ ಒಂದೇ ಬಂಡೆ. ಆಸರೆಯ ಅಗತ್ಯವೇ ಇಲ್ಲ. ಆದರೂ ಶಿಲ್ಪಿಗಳು ಮರಗೆಲಸದ ಆ ರೂಪವನ್ನು ಕಲ್ಲಿನಲ್ಲಿ ಉಳಿಸಿಕೊಂಡರು. ಗುಹೆ ಕೊರೆಯುವ ಕೆಲಸ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಸಾಗುವುದರಿಂದ, ಈ ಜೋಡಿಗಳಿಗೆಂದು ಕಲ್ಲನ್ನು ಮೊದಲೇ ಬಿಟ್ಟುಕೊಳ್ಳಬೇಕಿತ್ತು. ಹಾಗಾಗಿ ಇವು ಕೊನೆಗೆ ಅಂಟಿಸಿದ ಅಲಂಕಾರವೆಂದು ಹೇಳುವಂತಿಲ್ಲ. ಬೇಲೂರಿನಲ್ಲಿಯಾದರೋ ಮದನಿಕೆಯರನ್ನು ಬೇರೆಯಾಗಿ ಕಡೆದು ಸೇರಿಸಿದ್ದಾರೆ.

ಈ ಗುಹೆಗೆ ಖಚಿತ ಕಾಲವಿರುವುದು ಇತಿಹಾಸಕಾರರ ಭಾಗ್ಯ. ಒಂದನೆಯ ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಳೇಶ ಇದನ್ನು ವಿಷ್ಣುವಿಗಾಗಿ ಮಾಡಿಸಿದನೆಂದು ಶಾಸನ ಹೇಳುತ್ತದೆ. ಅದು ಶಕವರ್ಷ 500ರ ಕಾರ್ತಿಕ ಹುಣ್ಣಿಮೆ, ಅಂದರೆ ಕ್ರಿ.ಶ. 578. ಇದೇ ವಂಶದ ಆಳ್ವಿಕೆ ಹಾನಗಲ್ಲ ಸೀಮೆಯ ಆಡೂರನ್ನೂ ಒಳಗೊಂಡಿತ್ತು. ಅಲ್ಲಿಯ ಶಾಸನದಲ್ಲೂ ಕೀರ್ತಿವರ್ಮನೆಂಬ ಅರಸನ ಹೆಸರಿದೆ.

ದೇವರ ಮನೆಯಲ್ಲಿ ಪ್ರಣಯಕ್ಕೇನು ಕೆಲಸ ಎಂಬ ಪ್ರಶ್ನೆ ಇಂದಿನವರಿಗೆ ಸಹಜ. ಶಾಲಾ ಮಕ್ಕಳನ್ನು ಕರೆತಂದ ಮೇಷ್ಟ್ರುಗಳು ಇಲ್ಲಿ ಸ್ವಲ್ಪ ಚುರುಕಾಗಿ ನಡೆಯುವುದೂ ಉಂಟು! ಅಂದಿನವರಿಗೆ ಆ ಸಂಕೋಚ ಇರಲಿಲ್ಲ. ಮಹಾರಾಷ್ಟ್ರದ ಕಾರ್ಲೆಯ ಬೌದ್ಧ ಚೈತ್ಯದ ಮುಂಭಾಗದಲ್ಲಿ ಇದಕ್ಕೂ ಹಲವು ಶತಮಾನ ಮೊದಲೇ ದಂಪತಿಗಳು ನಿಂತಿದ್ದರು. ಆರನೆಯ ಶತಮಾನದ ವರಾಹಮಿಹಿರ ತನ್ನ 'ಬೃಹತ್ಸಂಹಿತೆ'ಯಲ್ಲಿ ಬಾಗಿಲುವಾಡದ ಮೇಲೆ ಹಕ್ಕಿ, ಪೂರ್ಣಕುಂಭ, ಬಳ್ಳಿಗಳ ಜೊತೆ ಮಿಥುನಗಳೂ ಇರಬೇಕೆಂದು ವಿಧಿಸಿದ್ದಾನೆ. ಫಲವಂತಿಕೆಯ, ಶುಭದ ಗುರುತಾಗಿ ಈ ಜೋಡಿ ತುಂಬಿದ ಕೊಡದ ಸಾಲಿಗೇ ಸೇರಿದ್ದು. ಆದರೆ ವಿಧಿಯೊಂದೇ ಇಷ್ಟು ಸಲಿಗೆಯನ್ನು, ಇಷ್ಟು ಬಗೆಬಗೆಯ ಭಂಗಿಗಳನ್ನು ಹುಟ್ಟಿಸಲಾರದು. ಶಿಲ್ಪಿ ತನ್ನ ಸುತ್ತ ಕಂಡದ್ದು ಇಲ್ಲಿ ಸೇರಿಕೊಂಡಿದೆ ಎನ್ನಬೇಕು.

ಪ್ಯಾರಿಸ್ಸಿನ ಮಾಂಮಾರ್ತ್ರ್ ಉದ್ಯಾನದಲ್ಲಿ 2000ದಲ್ಲಿ ಒಂದು ಗೋಡೆ ಎದ್ದಿತು. ಅದರ ತುಂಬ 'ನಿನ್ನನ್ನು ಪ್ರೀತಿಸುತ್ತೇನೆ' ಎಂಬ ಮಾತು ನೂರಾರು ಭಾಷೆಗಳಲ್ಲಿದೆ. ಬಾದಾಮಿಯ ಜೋಡಿಗಳಿಗೆ ಅಕ್ಷರದ ಹಂಗಿಲ್ಲ. ಅಕ್ಷರ ಬರೆಯುವ ಚಟ ನೋಡಲು ಬಂದವರದು. ಬಾದಾಮಿಯ ಬಂಡೆಗಳ ಮೇಲೆ ಕೋಳಿಮಂಚಿ ಮೊದಲಾದ ಹಳೆಯ ಹೆಸರುಗಳಿವೆ, ನಿಜ. ಅವು ಕಲ್ಲು ಕಡೆದವರವೆಂದು ವಿದ್ವಾಂಸರು ತಿಳಿಯುತ್ತಾರೆ. ಬಾಣ ನಾಟಿದ ಹೃದಯದ ಪಕ್ಕ ತಮ್ಮ ಹೆಸರು ಗೀಚುವವರಿಗೆ ಆ ಹಕ್ಕೆಲ್ಲಿಯದು? ಈ ಮರಳುಗಲ್ಲು ಮೃದು. ಒಂದು ಮೊಳೆ ಸಾಕು, ಗಾಯ ಮಾತ್ರ ಮಾಯುವುದಿಲ್ಲ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದವರಿಗೆ 1958ರ ಕಾಯಿದೆಯಲ್ಲಿದ್ದ ಶಿಕ್ಷೆಯನ್ನು 2010ರ ತಿದ್ದುಪಡಿ ಎರಡು ವರ್ಷದವರೆಗಿನ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೇ ಎರಡಕ್ಕೂ ಏರಿಸಿತು.

ಗುಹೆ ಉತ್ತರಕ್ಕೆ ಮುಖ ಮಾಡಿರುವುದರಿಂದ ಚಾವಣಿಯ ಕೆಳಗೆ ಬೆಳಕು ಮಂದ. ಬಿಸಿಲಿನಿಂದ ಬಂದ ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬೇಕು. ಕತ್ತು ನೋಯಿಸಿಕೊಳ್ಳಲು ಮನಸ್ಸಿಲ್ಲದವರು ಸುಮಾರು 35 ಕಿ.ಮೀ. ದೂರದ ಐಹೊಳೆಗೆ ಹೋಗಬಹುದು. ಅಲ್ಲಿಯ ದುರ್ಗಾ ಗುಡಿಯ ಮತ್ತು ಲಾಡಖಾನ್ ಗುಡಿಯ ಕಂಬಗಳಲ್ಲಿ ಇಂಥದೇ ಜೋಡಿಗಳು ನೆತ್ತಿಯಿಂದ ಇಳಿದು, ನೋಡುವವರ ಎದುರಿಗೇ ನಿಂತಿವೆ.