ಸೀರೆ ಮೇಲೆ ಶೂ ಆದರೇನು?

"ಬೆಳಗ್ಗೆ ಐದೂವರೆಗೆ ಎದ್ದರೆ ರಾತ್ರಿ ಹತ್ತರ ತನಕ ಬಿಡುವಿಲ್ಲ. ಇನ್ನು ವ್ಯಾಯಾಮ ಬೇರೆ ಬೇಕಾ?" ಕೋಲಾರದ ನಮ್ಮ ಬೀದಿಯ ಅಕ್ಕ ಒಬ್ಬರು ಹೀಗನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬಾವಿ ನೀರು ಸೇದಿ, ರುಬ್ಬುಗುಂಡು ತಿರುಗಿಸುತ್ತಿದ್ದ ಕಾಲ ಹೋಯ್ತಲ್ಲ. ಈಗ ಒಲೆ ಮುಂದೆ ನಿಂತು ನಿಂತು ಮಂಡಿ ನೋಯುತ್ತೆ, ಮೈ ಬೆವರೋದೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2024ರಲ್ಲಿ ಕೊಟ್ಟ ಲೆಕ್ಕ ನೋಡಿ. 2022ರಲ್ಲಿ ನಮ್ಮ ದೇಶದ ಶೇ 57ರಷ್ಟು ಹೆಂಗಸರಿಗೆ ಮೈಗೆ ಬೇಕಾದಷ್ಟು ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ ಇದು ಶೇ 42. ಬೇಕಾದದ್ದಾದರೂ ಎಷ್ಟು? ವಾರಕ್ಕೆ 150 ನಿಮಿಷ, ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಚುರುಕಿನ ನಡಿಗೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು.

ಜಾಗಕ್ಕೇನೂ ಬರವಿಲ್ಲ. ಕೋಲಾರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣವಿದೆ, ಅಂತರಗಂಗೆಯ ಮೆಟ್ಟಿಲುಗಳಿವೆ (ಕೈಯಲ್ಲಿ ತಿಂಡಿ ಹಿಡಿದು ಹೋಗಬೇಡಿ, ಕೋತಿಗಳು ಬಿಡೋಲ್ಲ!). ಮುಳಬಾಗಿಲಿನವರು ರಜಾದಿನ ಮನೆಮಂದಿಯ ಜೊತೆ ಆವನಿ ಬೆಟ್ಟ ಹತ್ತಬಹುದು. ಮಾಲೂರಿನಲ್ಲಿ ಇಟ್ಟಿಗೆ, ಹೆಂಚಿನ ಲಾರಿಗಳು ಓಡಾಡುವ ರಸ್ತೆ ಬಿಟ್ಟು ಬಡಾವಣೆಯ ಒಳರಸ್ತೆ ಹಿಡಿಯಿರಿ. ಶ್ರೀನಿವಾಸಪುರದ ಮಾವಿನ ತೋಪುಗಳ ದಾರಿ ಬೆಳಗಿನ ಹೊತ್ತು ತಂಪಾಗಿರುತ್ತೆ, ಒಂಟಿಯಾಗಿ ಮಾತ್ರ ಬೇಡ.

ನಿಜವಾದ ಅಡ್ಡಿ ಬೇರೆಯೇ ಇದೆ. ನಾನು ಮೊದಲ ದಿನ ಸೀರೆ ಮೇಲೆ ಶೂ ಹಾಕಿಕೊಂಡು ಹೊರಟಾಗ ಹಾಲಿನಂಗಡಿ ಹತ್ತಿರ ಹಿರಿಯರೊಬ್ಬರು ಗಾಬರಿಯಿಂದ, "ಏನಮ್ಮಾ ಇಷ್ಟೊತ್ತಿಗೇ ಆಸ್ಪತ್ರೆಗಾ? ಯಾರಿಗೆ ಹುಷಾರಿಲ್ಲ?" ಅಂದರು. ದೇವಸ್ಥಾನ, ಅಂಗಡಿ, ಆಸ್ಪತ್ರೆ ಇವು ಮೂರು ಬಿಟ್ಟು ಹೆಂಗಸು ಸುಮ್ಮನೆ ನಡೆಯೋದುಂಟಾ? ನಾಚಿಕೆಯಾಗಿ ಮಾರನೆಯ ದಿನ ಹೋಗಲೇ ಇಲ್ಲ. ಪಕ್ಕದ ಮನೆಯವರು, ಎದುರು ಮನೆಯವರು ಜೊತೆಯಾದ ಮೇಲೆ ಯಾರೂ ಏನೂ ಕೇಳಲಿಲ್ಲ. ಒಬ್ಬರಾದರೆ ಪ್ರಶ್ನೆ, ಮೂವರಾದರೆ "ವಾಕಿಂಗ್‌ನವರು"!

ಹೆಣ್ಣುಮಕ್ಕಳ ವಿಷಯದಲ್ಲಿ ತಪ್ಪು ನಮ್ಮದೇ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ ಖೊ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಚೈತ್ರಾ ಇದ್ದರು. ಟಿವಿ ಮುಂದೆ ಚಪ್ಪಾಳೆ ಹೊಡೆಯುವ ನಾವೇ, ಎಸ್ಸೆಸ್ಸೆಲ್ಸಿ ಬಂತು ಅಂತ ಮಗಳ ಆಟ ನಿಲ್ಲಿಸುತ್ತೇವೆ. ಆ ವಯಸ್ಸಿಗೆ ದಿನಕ್ಕೆ ಒಂದು ಗಂಟೆಯ ಓಡಾಟ ಬೇಕು. ಟ್ಯೂಷನ್ ಇರಲಿ, ಸಂಜೆ ಲಗೋರಿಯೋ ಷಟಲ್ಲೋ ಆಡಲು ಬಿಡಿ.

ಶುರುವಿಗೆ ಹತ್ತು ನಿಮಿಷ ಸಾಕು. ಬಿಪಿ, ಶುಗರ್, ಮಂಡಿನೋವು ಇದ್ದವರು ಡಾಕ್ಟರನ್ನು ಒಂದು ಮಾತು ಕೇಳಿಯೇ ಹೊರಡಿ.

ಅಂದಹಾಗೆ, "ವ್ಯಾಯಾಮ ಬೇರೆ ಬೇಕಾ" ಅಂದಿದ್ದ ಅಕ್ಕನಿಗೆ ಶುಗರ್ ಅಂತ ಗೊತ್ತಾಗಿ ಈಗ ಎಂಟು ತಿಂಗಳು. ನಿನ್ನೆ ನಾನೇ ಚಳಿಗೆ ಹೊದ್ದು ಮಲಗಿದ್ದೆ. ಆರು ಗಂಟೆಗೆ ಗೇಟು ಬಡಿದು ಎಬ್ಬಿಸಿದ್ದು ಅವರೇ.