ಪಾತ್ರ ಏನು ಅಂತ ನಟರಿಗೆ ಮೊದಲೇ ಯಾಕೆ ಹೇಳಲ್ಲ?

'ತಾಯಿ ಪಾತ್ರ, ನಾಲ್ಕು ದಿನ ಕೆಲಸ, ಫೋಟೋ ಕಳಿಸಿ.' ನಮ್ಮ ಚಿತ್ರರಂಗದಲ್ಲಿ ಪೋಷಕ ಕಲಾವಿದರಿಗೆ ಅವಕಾಶ ಬರೋದು ಹೆಚ್ಚಾಗಿ ಹೀಗೇ, ಒಂದು ವಾಟ್ಸ್‌ಆ್ಯಪ್ ಮೆಸೇಜ್‌ನಲ್ಲಿ. ಆ ತಾಯಿ ಏನ್ ಮಾಡ್ತಾಳೆ, ಎಷ್ಟು ಸೀನ್ ಇದೆ ಅಂತ ಕೇಳಿದರೆ, 'ಸೆಟ್‌ಗೆ ಬನ್ನಿ ಮೇಡಂ, ಡೈರೆಕ್ಟ್ರು ಹೇಳ್ತಾರೆ.'

ಪೂರ್ತಿ ಕಥೆ ಕೇಳಿ ಒಪ್ಪೋದು, ಬಿಡೋದು ಸ್ಟಾರ್‌ಗಳಿಗೆ ಸಿಗುವ ಸೌಲಭ್ಯ. ಉಳಿದವರಿಗೆ ಸಿಗೋದು 'ನಿಮ್ಮ ಟ್ರ್ಯಾಕ್ ಚೆನ್ನಾಗಿದೆ' ಅನ್ನೋ ಭರವಸೆ. ಧಾರಾವಾಹಿಗಳಲ್ಲಂತೂ ಎಷ್ಟೋ ಸಲ ಅವತ್ತಿನ ಸಂಭಾಷಣೆ ಸೆಟ್‌ನಲ್ಲೇ ಕೈಗೆ ಸಿಗುತ್ತೆ. ಟಿಆರ್‌ಪಿ ಬಿದ್ದರೆ ನಿನ್ನೆಯ ಒಳ್ಳೆ ಅತ್ತಿಗೆ ನಾಳೆ ವಿಲನ್. ಏನು ಬೇಕು ಅಂತ ಬರೆದುಕೊಡದೆ 'ಸಾಫ್ಟ್‌ವೇರ್ ಮಾಡಿಕೊಡು' ಅಂದರೆ ಯಾವ ಎಂಜಿನಿಯರ್ ಒಪ್ತಾನೆ?

ಇದರ ನಷ್ಟ ಪರದೆ ಮೇಲೂ ಕಾಣುತ್ತೆ. ನೀನಾಸಂ, ರಂಗಾಯಣದಲ್ಲಿ ಪಳಗಿ ಬಂದವರು ಹೀರೋ ಗೆಳೆಯನಾಗಿಯೋ, ಕಾನ್‌ಸ್ಟೆಬಲ್ ಆಗಿಯೋ ಉಳಿದುಬಿಡ್ತಾರೆ. ಉತ್ತರ ಕರ್ನಾಟಕದ ಮಾತು ಬಂದರೆ ಕಾಮಿಡಿ ಪಾತ್ರ. ಹೆಣ್ಣಿಗೆ ಮೂವತ್ತೈದು ದಾಟಿದರೆ ತಾಯಿ ಪಾತ್ರ.

ನಡುವೆ ನಿಂತವರು

ಈ ಮೆಸೇಜ್ ಕಳಿಸುವ ಕೋಆರ್ಡಿನೇಟರ್ ನಟರ ಪರವೋ, ನಿರ್ಮಾಪಕರ ಪರವೋ? ಬಹಳಷ್ಟು ಸಲ ಅದೇ ಸ್ಪಷ್ಟ ಇರಲ್ಲ. ಕ್ಯಾಲಿಫೋರ್ನಿಯಾದಲ್ಲಿ ನಟರ ಏಜೆಂಟ್ ಆಗಲು ಲೈಸೆನ್ಸ್ ಬೇಕು. ಅಲ್ಲಿನ ನಟರ ಸಂಘ ಏಜೆಂಟರ ಕಮಿಷನ್‌ಗೆ ಶೇ 10ರ ಮಿತಿ ಹಾಕಿದೆ. ಇಲ್ಲಿ ಎಲ್ಲ ಬಾಯಿಮಾತು. ಜಾಸ್ತಿ ಪ್ರಶ್ನೆ ಕೇಳಿದವರಿಗೆ ಮುಂದಿನ ಮೆಸೇಜ್ ಬರಲ್ಲ, ಅಷ್ಟೆ.

ಕಾನೂನು ಏನನ್ನುತ್ತೆ?

ಸಿನಿಮಾ ಕಾರ್ಮಿಕರ ಜೊತೆ ಲಿಖಿತ ಒಪ್ಪಂದ ಕಡ್ಡಾಯ ಅಂತ ಕೇಂದ್ರದ ಕಾಯ್ದೆ ಬಂದಿದ್ದು 1981ರಲ್ಲಿ. ಮಧ್ಯವರ್ತಿ ಮೂಲಕ ಕರೆಸಿಕೊಂಡರೆ ನಿರ್ಮಾಪಕರ ಜೊತೆ ಆತನೂ ಅದಕ್ಕೆ ಬದ್ಧನಾಗಬೇಕು. ಈಗ ಆ ಕಾಯ್ದೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯೊಳಗೆ ಸೇರಿದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಈ ಸಂಹಿತೆ ಧಾರಾವಾಹಿ, ವೆಬ್ ಸರಣಿಗಳಿಗೂ ಅನ್ವಯ. ಸರ್ಕಾರ ಗೊತ್ತುಮಾಡುವ ಸಂಭಾವನೆ ಮಿತಿಯೊಳಗಿನ ಕಲಾವಿದರಿಗೆ ಇದರ ರಕ್ಷಣೆ ಇದೆ. ಒಪ್ಪಂದದಲ್ಲಿ ಸಂಭಾವನೆ, ಕೆಲಸದ ಅವಧಿ, ವ್ಯಾಜ್ಯ ಪರಿಹಾರದ ಜೊತೆಗೆ 'ಕೆಲಸದ ಸ್ವರೂಪ'ವನ್ನೂ ಬರೆಯಬೇಕು. ನಟರ ಮಟ್ಟಿಗೆ ಕೆಲಸದ ಸ್ವರೂಪ ಅಂದರೆ ಪಾತ್ರ ತಾನೆ?

ಕರ್ನಾಟಕ 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆ ಕಾಯ್ದೆ ತಂದು ಟಿಕೆಟ್ ಮೇಲೆ ಶೇ 1ರಿಂದ 2ರಷ್ಟು ಸೆಸ್ ಹಾಕಲು ದಾರಿ ಮಾಡಿಕೊಂಡಿತು. ಒಳ್ಳೇದೇ. ಆದರೆ ಕಲ್ಯಾಣ ನಿಧಿ ನೆರವಾಗೋದು ಕಷ್ಟ ಬಂದ ಮೇಲೆ. ಕೇರಳದ ಹೇಮಾ ಸಮಿತಿ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂದಾಗ ಅದರ ಪಟ್ಟಿಯಲ್ಲಿ ಲಿಖಿತ ಒಪ್ಪಂದ ಇಲ್ಲದಿರೋದೂ ಇತ್ತು. ಮರುತಿಂಗಳೇ ನಮ್ಮ ಫೈರ್ ಸಂಘಟನೆ ಅಂಥದ್ದೇ ಸಮಿತಿ ಬೇಕು ಅಂತ 153 ಜನರ ಸಹಿ ಇರುವ ಮನವಿಯನ್ನು ಮುಖ್ಯಮಂತ್ರಿಗೆ ಕೊಟ್ಟಿತು.

ಪಾತ್ರ ಬೇಡ ಅನ್ನೋಕೆ ಅದು ಏನು ಅಂತ ಮೊದಲು ಗೊತ್ತಿರಬೇಕು. ಬೇಡ ಅಂದವರಿಗೂ ಮುಂದೆ ಕೆಲಸ ಸಿಗಬೇಕು. ಇದನ್ನು ಒಬ್ಬೊಬ್ಬ ನಟ ಒಂಟಿಯಾಗಿ ಕೇಳಿದರೆ ಕೆಲಸ ಹೋಗುತ್ತೆ. ಹಾಗಾಗಿ ಕಲಾವಿದರ ಸಂಘ ಕೇಳಬೇಕು, ಕಾರ್ಮಿಕ ಇಲಾಖೆ ಸೆಟ್‌ಗೆ ಹೋಗಿ ಒಪ್ಪಂದ ಪತ್ರ ತೋರಿಸಿ ಅನ್ನಬೇಕು. ಸಬ್ಸಿಡಿಗೆ ಅರ್ಜಿ ಹಾಕುವ ಸಿನಿಮಾಗಳಿಂದಲೇ ಇದನ್ನು ಶುರು ಮಾಡಬಹುದಲ್ವಾ?