ನೆನಪಿನ ತಪ್ಪು, ಕಡತದ ಸುಳ್ಳು: ಸರ್ವಂಕಷ ಪ್ರಭುತ್ವಗಳ ಕ್ರೌರ್ಯವನ್ನು ಓದುವ ಬಗೆ

ಪ್ರಜೆಗಳ ರಾಜಕೀಯ ಹಕ್ಕುಗಳನ್ನಷ್ಟೇ ಕಸಿದುಕೊಂಡು ಉಳಿದ ಬದುಕನ್ನು ಅವರ ಪಾಡಿಗೆ ಬಿಡುವ ಆಡಳಿತವನ್ನು ಸರ್ವಾಧಿಕಾರವೆಂದೂ, ಶಾಲೆ, ಕುಟುಂಬ, ಕಲೆ, ಕಾರ್ಖಾನೆಗಳಿಂದ ಹಿಡಿದು ಆಡುವ ಮಾತಿನವರೆಗೆ ಎಲ್ಲವನ್ನೂ ಒಂದೇ ಪಕ್ಷದ, ಒಂದೇ ಸಿದ್ಧಾಂತದ ಹಿಡಿತಕ್ಕೆ ತರಲು ಹೊರಡುವ ಆಡಳಿತವನ್ನು ಸರ್ವಂಕಷ ಪ್ರಭುತ್ವವೆಂದೂ ಸ್ಥೂಲವಾಗಿ ಕರೆಯಬಹುದು. ಈ ಎರಡನೆಯ ಪದದ ಮೂಲರೂಪವು 1920ರ ದಶಕದ ಇಟಲಿಯಲ್ಲಿ ಮುಸೊಲಿನಿಯ ವಿರೋಧಿಗಳ ಬಾಯಲ್ಲಿ ಆರೋಪವಾಗಿ ಹುಟ್ಟಿತು. ಮುಸೊಲಿನಿ ಅದನ್ನೇ ಬಿರುದಿನಂತೆ ಧರಿಸಿದ. ಹಿಟ್ಲರನ ಜರ್ಮನಿ ಮತ್ತು ಸ್ಟಾಲಿನನ ಸೋವಿಯತ್ ಒಕ್ಕೂಟ ಇದರ ಎರಡು ಮುಖ್ಯ ನಿದರ್ಶನಗಳಾಗಿದ್ದು, ಇವೆರಡನ್ನೂ ಒಂದೇ ಹೆಸರಿನಡಿ ತರುವುದು ಸರಿಯೇ ಎಂಬ ಚರ್ಚೆ ಚಿಂತಕಿ ಹ್ಯಾನಾ ಅರೆಂಟ್ 1951ರಲ್ಲಿ ಸರ್ವಂಕಷ ಪ್ರಭುತ್ವದ ಬಗೆಗಿನ ತಮ್ಮ ಗ್ರಂಥವನ್ನು ಪ್ರಕಟಿಸಿದಂದಿನಿಂದ ಇಂದಿನವರೆಗೂ ನಡೆದಿದೆ.

ಈ ಪ್ರಭುತ್ವಗಳ ಕ್ರೌರ್ಯದ ಬಗ್ಗೆ ಓದುಗನ ಕೈಗೆ ಸಿಗುವ ಬರಹಗಳು ಮುಖ್ಯವಾಗಿ ಮೂರು ಬಗೆಯವು. ದಿನಚರಿಯು ನಾಳೆ ಏನಾಗುವುದೆಂದು ತಿಳಿಯದವರು ಅಂದಂದೇ ಬರೆದಿಟ್ಟದ್ದು. ಡ್ರೆಸ್ಡನ್ನಿನ ಭಾಷಾಪಂಡಿತ ವಿಕ್ಟರ್ ಕ್ಲೆಂಪರರ್ ನಾಜಿ ಆಳ್ವಿಕೆಯ ಹನ್ನೆರಡು ವರ್ಷವೂ ಗುಟ್ಟಾಗಿ ಬರೆದು, 1995ರಲ್ಲಷ್ಟೇ ಅಚ್ಚಾದ ದಿನಚರಿ ಇದಕ್ಕೆ ಒಳ್ಳೆಯ ಉದಾಹರಣೆ. ಸ್ಮೃತಿಕಥನವು ಕೊನೆ ಏನಾಯಿತೆಂದು ಬಲ್ಲವರು ಹಿಂದಿರುಗಿ ನೋಡಿ ಬರೆದದ್ದು. ಚರಿತ್ರೆಯು ಇವೆರಡನ್ನೂ ಸರ್ಕಾರಿ ಕಡತ, ನ್ಯಾಯಾಲಯದ ಹೇಳಿಕೆ, ಜನಗಣತಿ ಮುಂತಾದವುಗಳ ಜೊತೆಗಿಟ್ಟು ತೂಗಿ ಕಟ್ಟಿದ್ದು. ಗಡಿಗಳು ಅಷ್ಟು ಗೆರೆ ಕೊರೆದಂತಿಲ್ಲ ಎಂಬುದಕ್ಕೆ ಆನ್ ಫ್ರಾಂಕಳ ದಿನಚರಿಯೇ ಸಾಕು: ಯುದ್ಧಕಾಲದ ಬರಹಗಳನ್ನು ಕಾಪಾಡಿಡಬೇಕೆಂಬ ಕರೆಯನ್ನು 1944ರ ಮಾರ್ಚಿನಲ್ಲಿ ರೇಡಿಯೋದಲ್ಲಿ ಕೇಳಿದ ಮೇಲೆ ಆಕೆ ತನ್ನ ಹಳೆಯ ಪುಟಗಳನ್ನು ತಾನೇ ತಿದ್ದಿ ಬರೆಯತೊಡಗಿದ್ದಳು.

ಇಷ್ಟನ್ನು ಸುಲಭವಾಗಿ ಒಪ್ಪುವ ಓದುಗ ಎಡವುವುದು ಇದರ ಮುಂದಿನ ಮೆಟ್ಟಿಲಿನಲ್ಲಿ. ಸ್ಮೃತಿಕಥನದಲ್ಲಿ ಭಾವನೆ ಇರುತ್ತದೆ, ಕಡತದಲ್ಲಿ ಸತ್ಯ ಇರುತ್ತದೆ, ಆದ್ದರಿಂದ ಎರಡೂ ಬೇರೆಯಾದಲ್ಲಿ ಕಡತವನ್ನೇ ನಂಬಬೇಕು ಎಂಬ ತೀರ್ಮಾನ ಎಷ್ಟು ಸಹಜವಾಗಿ ಬರುತ್ತದೆಂದರೆ ಅದನ್ನು ಯಾರೂ ಪ್ರಶ್ನಿಸುವುದೇ ಇಲ್ಲ. ಈ ಅಧ್ಯಾಯದ ಬಹುಪಾಲು ಈ ಒಂದು ಗಂಟನ್ನು ಬಿಡಿಸುವುದಕ್ಕೇ ಮೀಸಲು.

ಮೊದಲು ಕಡತದ ಕಡೆಯಿಂದ ನೋಡಬಹುದು. ಸೋವಿಯತ್ ಒಕ್ಕೂಟದಲ್ಲಿ 1937 ಮತ್ತು 1938ರ ಮಹಾದಮನದ ಎರಡೇ ವರ್ಷಗಳಲ್ಲಿ ಸುಮಾರು 6,80,000 ಜನರನ್ನು ಗುಂಡಿಟ್ಟು ಕೊಲ್ಲಲಾಯಿತೆಂದು ಅಲ್ಲಿನ ಪತ್ರಾಗಾರದ ಲೆಕ್ಕಗಳು ತೋರಿಸುತ್ತವೆ. ಬಂಧಿತರ ಹೆಂಡತಿ ಮಕ್ಕಳು ಸೆರೆಮನೆಯ ಕಿಟಕಿಯ ಮುಂದೆ ಸರತಿಯಲ್ಲಿ ನಿಂತು ಕೇಳಿದಾಗ, ಹೀಗೆ ಸತ್ತವರಲ್ಲಿ ಅನೇಕರ ಬಗ್ಗೆ ಸಿಗುತ್ತಿದ್ದ ಉತ್ತರ ಒಂದೇ: ಪತ್ರ ಬರೆಯುವ ಹಕ್ಕಿಲ್ಲದ ಹತ್ತು ವರ್ಷಗಳ ಶಿಕ್ಷೆ. ಹತ್ತು ವರ್ಷ ಕಳೆದು ಮತ್ತೆ ವಿಚಾರಿಸಿದವರಿಗೆ ಕೈದಿ ಸೆರೆಯಲ್ಲಿ ತೀರಿಕೊಂಡನೆಂದು ಬಾಯಿಮಾತಿನ ಉತ್ತರ ಬರುತ್ತಿತ್ತು. 1955ರ ಒಂದು ಗುಪ್ತ ಆದೇಶದ ನಂತರ, ಎಂದೋ ಗುಂಡಿಗೆ ಬಲಿಯಾದವರ ಹೆಸರಿನಲ್ಲಿ ಕಲ್ಪಿತ ದಿನಾಂಕ, ಕಲ್ಪಿತ ಕಾಯಿಲೆಗಳನ್ನು ನಮೂದಿಸಿದ ಮರಣಪತ್ರಗಳನ್ನೇ ಕುಟುಂಬಗಳಿಗೆ ಕೊಡಲಾಯಿತು. ಮೊಹರು, ಸಹಿ, ನೋಂದಣಿ ಸಂಖ್ಯೆ ಎಲ್ಲವೂ ಸರಿಯಾಗಿದ್ದ ಆ ಕಾಗದಗಳು ಸುಳ್ಳಾಗಿದ್ದವು, ‘ಹತ್ತು ವರ್ಷ’ ಎಂದರೆ ಸಾವು ಎಂದು ಜನ ಪಿಸುಗುಟ್ಟಿ ಆಡಿಕೊಂಡ ಮಾತು ನಿಜವಾಗಿತ್ತು. ಆ ಪಿಸುಮಾತು ಉಳಿದುಬಂದದ್ದು ಬಹುಮಟ್ಟಿಗೆ ಸ್ಮೃತಿಕಥನಗಳಲ್ಲಿ. ರಷ್ಯನ್ ಲೇಖಕ ಸೋಲ್ಝೆನಿತ್ಸಿನ್ ಸೋವಿಯತ್ ಶ್ರಮಶಿಬಿರಗಳ ಬಗ್ಗೆ ‘ಗುಲಾಗ್ ದ್ವೀಪಸಮೂಹ’ವನ್ನು ಬರೆಯುವಾಗ ಆತನಿಗೆ ಯಾವ ಸರ್ಕಾರಿ ಪತ್ರಾಗಾರದ ಬಾಗಿಲೂ ತೆರೆದಿರಲಿಲ್ಲ, ಆತನ ಬಳಿ ಇದ್ದದ್ದು ಸ್ವಂತ ಸೆರೆವಾಸದ ಅನುಭವ ಮತ್ತು 227 ಜನರ ಸಾಕ್ಷ್ಯ. 1973ರಲ್ಲಿ ಪ್ಯಾರಿಸಿನಲ್ಲಿ ಅಚ್ಚಾಗತೊಡಗಿದ ಆ ಪುಸ್ತಕದ ಅನೇಕ ಅಂಕಿಗಳು ಅತಿಯಾಗಿದ್ದವೆಂದು 1991ರ ನಂತರ ತೆರೆದ ಪತ್ರಾಗಾರಗಳು ತೋರಿಸಿದವು. ಬಂಧನ, ವಿಚಾರಣೆ, ಸಾಗಾಟ, ದುಡಿತಗಳ ಯಂತ್ರ ಹೇಗೆ ಓಡುತ್ತಿತ್ತೆಂಬ ಅದರ ವಿವರಣೆಯನ್ನು ಮಾತ್ರ ಅವೇ ಪತ್ರಾಗಾರಗಳು ಬಹುಪಾಲು ದೃಢಪಡಿಸಿದವು.

ಜರ್ಮನಿಯ ಕಡತಗಳ ಸುಳ್ಳು ಇನ್ನೊಂದು ಬಗೆಯದು. ಅಲ್ಲಿ ತಾರೀಕು ಸರಿಯಿರುತ್ತದೆ, ಕ್ರಿಯಾಪದ ತಪ್ಪಿರುತ್ತದೆ. 1942ರ ಜನವರಿ 20ರಂದು ಬರ್ಲಿನ್ ಬಳಿಯ ವಾನ್‌ಸೀಯಲ್ಲಿ ಹದಿನೈದು ಅಧಿಕಾರಿಗಳು ಸೇರಿ ಯುರೋಪಿನ ಯೆಹೂದಿಗಳ ಗತಿಯನ್ನು ಚರ್ಚಿಸಿದ ಸಭೆಯ ನಡಾವಳಿಯನ್ನು ಓದಿದರೆ ಮುಖ್ಯವಾಗಿ ಪೂರ್ವಕ್ಕೆ ‘ತೆರವು’ ಮಾಡುವ ಮಾತೇ ಕಾಣುತ್ತದೆ. ಅದನ್ನು ಸಿದ್ಧಪಡಿಸಿದ ನಾಜಿ ಅಧಿಕಾರಿ ಐಖ್‌ಮನ್ 1961ರಲ್ಲಿ ಜೆರುಸಲೇಮಿನ ನ್ಯಾಯಾಲಯದಲ್ಲಿ, ಸಭೆಯಲ್ಲಿ ಕೊಲ್ಲುವ ವಿಧಾನಗಳ ಬಗ್ಗೆ ಬಿಚ್ಚುಮಾತಿನಲ್ಲೇ ಚರ್ಚೆ ನಡೆಯಿತೆಂದೂ ಬರಹದಲ್ಲಿ ಅದನ್ನು ನಯಗೊಳಿಸಲಾಯಿತೆಂದೂ ಒಪ್ಪಿಕೊಂಡ. ಕಡತವನ್ನು ತಿದ್ದಲು ಇಲ್ಲಿ ಬೇಕಾದದ್ದು ನೆನಪು, ಅದೂ ಅಪರಾಧಿಯ ನೆನಪು! ಕ್ಲೆಂಪರರ್ ನಾಜಿಗಳ ಈ ಪದಬಳಕೆಯ ಮೇಲೆಯೇ 1947ರಲ್ಲಿ ಒಂದು ಇಡೀ ಪುಸ್ತಕ ಬರೆದನೆಂಬುದನ್ನು ಭಾಷಾಪ್ರಿಯರು ಮರೆಯಬಾರದು.

ಇನ್ನು ನೆನಪಿನ ಕಡೆ. 1944ರ ಅಕ್ಟೋಬರ್ 7ರಂದು ಔಷ್ವಿಟ್ಸ್ ಶಿಬಿರದಲ್ಲಿ, ಹೆಣ ಸುಡುವ ಕೆಲಸಕ್ಕೆ ದೂಡಲ್ಪಟ್ಟಿದ್ದ ಕೈದಿಗಳು ದಂಗೆಯೆದ್ದು ಒಂದು ದಹನಗೃಹಕ್ಕೆ ಬೆಂಕಿಯಿಟ್ಟರು. ಶಸ್ತ್ರಾಸ್ತ್ರ ಕಾರ್ಖಾನೆಯಿಂದ ಸಿಡಿಮದ್ದನ್ನು ಕದ್ದು ಒದಗಿಸಿದ್ದ ನಾಲ್ವರು ಯುವತಿಯರನ್ನು ಮುಂದಿನ ಜನವರಿಯಲ್ಲಿ ನೇಣಿಗೇರಿಸಲಾಯಿತು. ಆ ದಿನವನ್ನು ಕಂಡಿದ್ದ ಒಬ್ಬ ಮಹಿಳೆ ಹಲವು ದಶಕಗಳ ನಂತರ ನೀಡಿದ ಸಾಕ್ಷ್ಯದಲ್ಲಿ ನಾಲ್ಕು ಹೊಗೆಗೂಡುಗಳು ಸಿಡಿದು ಉರಿದವೆಂದು ಹೇಳಿದಳು. ನಾಶವಾದದ್ದು ಒಂದೇ, ಆದ್ದರಿಂದ ಈ ಸಾಕ್ಷ್ಯ ನಂಬಲರ್ಹವಲ್ಲ ಎಂದು ಇತಿಹಾಸಕಾರರು ವಾದಿಸಿದರು. ಆಕೆಯನ್ನು ಸಂದರ್ಶಿಸಿದ್ದ ಮನೋವೈದ್ಯ ಡೋರಿ ಲಾಬ್ ಇದನ್ನು ಒಪ್ಪದೆ, ದಂಗೆಯೆಂಬುದು ಊಹೆಗೂ ಸಿಗದ ಜಾಗದಲ್ಲಿ ದಂಗೆ ನಡೆಯಿತೆಂಬುದೇ ಆಕೆಯ ಸಾಕ್ಷ್ಯದ ತಿರುಳೆಂದು ಪ್ರತಿವಾದ ಹೂಡಿದ. ಈ ವಾದದಲ್ಲಿ ಎರಡೂ ಕಡೆಯವರಿಗೆ ಸತ್ಯದ ಪಾಲಿದೆ. ಹೊಗೆಗೂಡುಗಳ ಎಣಿಕೆ ಬೇಕಾದವರು ಆಕೆಯನ್ನು ಕೇಳಬಾರದು, ಆ ಬೆಂಕಿಯು ಒಳಗಿದ್ದವರಿಗೆ ಎಷ್ಟು ದೊಡ್ಡದಾಗಿ ಕಂಡಿತೆಂಬುದನ್ನು ತಿಳಿಯಬೇಕಾದವರು ಎಣಿಕೆಯ ಪಟ್ಟಿಯನ್ನು ಕೇಳಬಾರದು. ಒಂದು ವಿವರದ ತಪ್ಪು ಇಡೀ ಸಾಕ್ಷ್ಯವನ್ನು ಕೆಡಿಸುವುದಿಲ್ಲ. ಹಾಗೆಯೇ ಸಾಕ್ಷಿಯ ನೋವು ದೊಡ್ಡದೆಂಬ ಕಾರಣಕ್ಕೆ ಆ ತಪ್ಪು ಸರಿಯಾಗುವುದೂ ಇಲ್ಲ.

ಎಣಿಕೆಯ ತಿದ್ದುಪಡಿಯನ್ನೂ ಇದೇ ಎಚ್ಚರದಿಂದ ಓದಬೇಕು. ಔಷ್ವಿಟ್ಸ್‌ನಲ್ಲಿ ಸತ್ತವರು 40 ಲಕ್ಷವೆಂದು 1945ರ ಸೋವಿಯತ್ ಆಯೋಗ ಸಾರಿತ್ತು. ಸಾಗಾಟದ ದಾಖಲೆಗಳನ್ನು ಕೂಡಿಸಿ ನೋಡಿದ ಪೋಲಿಷ್ ಇತಿಹಾಸಕಾರ ಫ್ರಾನ್ಸಿಷೆಕ್ ಪೀಪರ್ ಅದನ್ನು ಸುಮಾರು 11 ಲಕ್ಷಕ್ಕೆ ಇಳಿಸಿದ. ಹಾಗಾದರೆ ಅರವತ್ತು ಲಕ್ಷ ಯೆಹೂದಿಗಳ ಹತ್ಯೆಯ ಲೆಕ್ಕವೂ ಕುಸಿಯಬೇಕಲ್ಲವೇ ಎಂದು ನರಮೇಧವನ್ನೇ ಅಲ್ಲಗಳೆಯುವವರು ಕೇಳುವುದುಂಟು. ಉತ್ತರ ಸರಳ: ಆ ಒಟ್ಟು ಲೆಕ್ಕವು 40 ಲಕ್ಷದ ಮೇಲೆ ನಿಂತಿರಲೇ ಇಲ್ಲ. ಇತಿಹಾಸಕಾರ ರೌಲ್ ಹಿಲ್‌ಬರ್ಗ್ 1961ರಲ್ಲೇ ಔಷ್ವಿಟ್ಸ್‌ನಲ್ಲಿ ಸತ್ತ ಯೆಹೂದಿಗಳನ್ನು ಸುಮಾರು 10 ಲಕ್ಷವೆಂದೂ ಒಟ್ಟು ಹತರಾದವರನ್ನು 51 ಲಕ್ಷವೆಂದೂ ಅಂದಾಜು ಮಾಡಿದ್ದ.

ಸ್ಮೃತಿಕಥನಕ್ಕೆ ಇನ್ನೂ ಆಳದ ಮಿತಿಯೊಂದಿದ್ದು, ಅದನ್ನು ಎತ್ತಿ ತೋರಿಸಿದವನು ಆ ಪ್ರಕಾರದ ಅತಿ ದೊಡ್ಡ ಲೇಖಕರಲ್ಲೊಬ್ಬನಾದ ಪ್ರಿಮೊ ಲೆವಿ. 1944ರ ಫೆಬ್ರವರಿಯಲ್ಲಿ ಇಟಲಿಯಿಂದ ಆತನಿದ್ದ ರೈಲಿನಲ್ಲಿ ಹೊರಟ 650 ಜನರಲ್ಲಿ ಐನೂರಕ್ಕೂ ಹೆಚ್ಚು ಮಂದಿ ಔಷ್ವಿಟ್ಸ್ ತಲುಪಿದ ಎರಡು ದಿನಗಳೊಳಗೆ ಇಲ್ಲವಾದರು. ಆತ ರಸಾಯನಶಾಸ್ತ್ರಜ್ಞನಾಗಿದ್ದುದರಿಂದ ಪ್ರಯೋಗಾಲಯದ ಕೆಲಸ ಸಿಕ್ಕಿತು. ಜ್ವರ ಬಂದು ಶಿಬಿರದ ಆಸ್ಪತ್ರೆಯಲ್ಲಿ ಮಲಗಿದ್ದುದರಿಂದ 1945ರ ಜನವರಿಯಲ್ಲಿ ಕೈದಿಗಳನ್ನು ಬಲವಂತವಾಗಿ ನಡೆಸಿಕೊಂಡು ಹೋದ ಸಾವಿನ ನಡಿಗೆ ತಪ್ಪಿತು. ತಳ ಮುಟ್ಟಿದವರು ಮರಳಿ ಬರಲಿಲ್ಲ, ಬದುಕುಳಿದು ಬರೆದವರು ಅಪವಾದಗಳು, ಆದ್ದರಿಂದ ಪೂರ್ಣ ಸಾಕ್ಷಿಗಳು ತಾವಲ್ಲ ಎಂಬುದು 1986ರ ಕೊನೆಯ ಪುಸ್ತಕದಲ್ಲಿ ಆತ ಮಂಡಿಸಿದ ವಿಚಾರ. ಯಾವ ಸ್ಮೃತಿಕಥನದಲ್ಲೂ ಒಂದು ಆಕಸ್ಮಿಕ, ಒಂದು ಕಸುಬು, ಒಂದು ಸಹಾಯದ ಕೈ ಕಾಣಿಸುವುದು ಇದೇ ಕಾರಣಕ್ಕೆ. ಅವು ಇಲ್ಲದವರ ಕಥೆ ಪುಸ್ತಕವಾಗಲಿಲ್ಲ.

ಕೊಂದವರ ಮಾತನ್ನು ಓದುವುದು ಇದಕ್ಕಿಂತ ಕಷ್ಟ. 1942ರ ಜುಲೈನಲ್ಲಿ ಪೋಲೆಂಡಿನ ಯೂಜೆಫುಫ್ ಎಂಬ ಊರಿನಲ್ಲಿ ಸುಮಾರು 1,500 ಯೆಹೂದಿಗಳನ್ನು ಗುಂಡಿಟ್ಟು ಕೊಂದ ಹ್ಯಾಂಬರ್ಗಿನ ಮೀಸಲು ಪೊಲೀಸರ ಹೇಳಿಕೆಗಳನ್ನು ಓದಿದ ಇತಿಹಾಸಕಾರ ಕ್ರಿಸ್ಟೊಫರ್ ಬ್ರೌನಿಂಗ್, ಅವರನ್ನು ಗುಂಪಿನ ಒತ್ತಡಕ್ಕೆ ಮಣಿದ ಸಾಮಾನ್ಯರೆಂದು 1992ರಲ್ಲಿ ಬರೆದ. ಅವೇ ಹೇಳಿಕೆಗಳಿಂದ ಇನ್ನೊಬ್ಬ ವಿದ್ವಾಂಸ ಡೇನಿಯಲ್ ಗೋಲ್ಡ್‌ಹೇಗನ್ 1996ರಲ್ಲಿ ಅವರನ್ನು ದ್ವೇಷದಿಂದ ಕೊಂದವರೆಂದು ತೀರ್ಮಾನಿಸಿದ. ದ್ವೇಷದ ಉದ್ದೇಶ ಸಾಬೀತಾದರೆ ಕೊಲೆಯ ಆರೋಪ ಗಟ್ಟಿಯಾಗುವ ಕಾನೂನಿನ ಮುಂದೆ, 1960ರ ದಶಕದಲ್ಲಿ ನೀಡಿದ ಹೇಳಿಕೆಗಳು ಅವೆಂಬುದನ್ನು ಬಲ್ಲವರಿಗೆ, ಅವುಗಳಲ್ಲಿ ದ್ವೇಷದ ಮಾತು ಇಲ್ಲದಿರುವುದು ಏನನ್ನೂ ಸಾಬೀತುಪಡಿಸದು.

ಒಟ್ಟಾರೆ ಅಭ್ಯಾಸಿಗಳು ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಘಟನೆ ನಡೆದ ವರ್ಷ, ಬರೆದ ವರ್ಷ, ಅಚ್ಚಾದ ವರ್ಷ ಎಂಬ ಮೂರನ್ನು ಗುರುತು ಹಾಕಿಕೊಂಡು, ಒಂದು ಸ್ಮೃತಿಕಥನಕ್ಕೆ ಒಂದು ಚರಿತ್ರೆಯನ್ನು ಜೋಡಿಯಾಗಿಟ್ಟು ಓದುವುದು ಒಳಿತು. ಅನುವಾದವೂ ಒಂದು ಪದರವೆಂಬುದನ್ನು ನೆನಪಿಡಬೇಕು: ನಾಜಿ ಶಿಬಿರದಿಂದ ಬದುಕುಳಿದ ಎಲೀ ವೀಜೆಲ್ 1956ರಲ್ಲಿ ಯಿಡ್ಡಿಷ್ ಭಾಷೆಯಲ್ಲಿ ಪ್ರಕಟಿಸಿದ ದೊಡ್ಡ ಸ್ಮೃತಿಕಥನವು 1958ರ ಫ್ರೆಂಚ್ ರೂಪದಲ್ಲಿ ತೀರ ಕಿರಿದಾಗಿ, ಅಲ್ಲಿಂದ ಜಗತ್ತಿನ ಭಾಷೆಗಳಿಗೆ ಹರಡಿತು. ಕನ್ನಡದ ತರುಣರಲ್ಲಿ ಕೆಲವರಾದರೂ ಪೋಲಿಷ್, ರಷ್ಯನ್, ಯಿಡ್ಡಿಷ್ ಕಲಿತು ಮೂಲದಿಂದಲೇ ತರುವಂತಾದರೆ ಅದೆಂಥ ಲಾಭ! ಓದಬೇಕಾದದ್ದು ಅಷ್ಟಿದೆ. ವಾರ್ಸಾದ ಗೆಟ್ಟೋದಲ್ಲಿ ಇತಿಹಾಸಕಾರ ಎಮಾನುಯೆಲ್ ರಿಂಗೆಲ್‌ಬ್ಲುಮ್ ಮತ್ತು ಸಂಗಡಿಗರು ತಮ್ಮ ಸುತ್ತಲಿನ ಬದುಕನ್ನು, ಪಡಿತರ ಚೀಟಿಯಿಂದ ಕೊನೆಯ ಉಯಿಲಿನವರೆಗೆ, ಕೂಡಿಹಾಕಿ ತಗಡಿನ ಪೆಟ್ಟಿಗೆಗಳಲ್ಲೂ ಹಾಲಿನ ಕ್ಯಾನುಗಳಲ್ಲೂ ತುಂಬಿ ಹೂತಿಟ್ಟರು; ಆ ಬಳಗದಲ್ಲಿ ಉಳಿದವರು ಮೂವರು. ಎರಡು ಭಾಗಗಳು 1946 ಮತ್ತು 1950ರಲ್ಲಿ ಸಿಕ್ಕಿವೆ. ಮೂರನೆಯದನ್ನು ಇನ್ನೂ ಹುಡುಕಬೇಕಾಗಿದೆ, ಸಿಕ್ಕ ಎರಡನ್ನು ಇನ್ನೂ ಓದಬೇಕಾಗಿದೆ.